ಆರೂವರೆಯ ಪಾದಗಳು

ಈ ವಿಷಯವನ್ನು ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನಲ್ಲಿ ಹತ್ತು ಜನ ಹತ್ತು ತರ ಹೇಳುತ್ತಿದ್ದಾರೆ. ಹೆಂಡತಿ ಹೋದ ಮೇಲೆ ಲೋಕನಾಥ ಶೆಟ್ರಿಗೆ ತಲೆ ಸರಿಯಿಲ್ಲ ಎಂದು ಒಬ್ಬ, ಶೆಟ್ರ ಮೊಬೈಲಿಗೆ ಕುಲೆ ಹಿಡಿದಿದೆ ಎಂದು ಇನ್ನೊಬ್ಬ. ಸತ್ತವರ ಜೀವ ಮನೆ ಬಿಟ್ಟು ಹೋಗದೆ ಸುತ್ತುತ್ತಿದ್ದರೆ ಅದನ್ನು ನಮ್ಮಲ್ಲಿ ಕುಲೆ ಎನ್ನುತ್ತಾರೆ. ಬಾಯಿಗೆ ಬಂದದ್ದನ್ನು ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಕಾಲು ನನ್ನದು, ಹೆಂಡತಿ ನನ್ನವಳು, ಹಾಗಾಗಿ ನಾನೇ ಹೇಳಿಬಿಡುತ್ತೇನೆ.

ಮೂವತ್ತೊಂದು ವರ್ಷದಿಂದ ನಾನು ಅಲ್ಲಿ ಟೈಂ ಕೀಪರ್. ಖಾಸಗಿ ಬಸ್ಸುಗಳು ಎಷ್ಟು ಗಂಟೆಗೆ ಬರಬೇಕು, ಎಷ್ಟಕ್ಕೆ ಬಿಡಬೇಕು ಎಂದು ನೋಡುವುದು ನನ್ನ ಕೆಲಸ. ಬೆಳ್ತಂಗಡಿಯ ಬಸ್ಸು ಎರಡು ನಿಮಿಷ ಹೆಚ್ಚು ನಿಂತರೆ ಅದರ ಹಿಂದಿನ ಬಸ್ಸಿನವನಿಗೆ ಜನ ಸಿಗುವುದಿಲ್ಲ, ಅವನು ಬಂದು ನನ್ನ ಕುತ್ತಿಗೆ ಹಿಡಿಯುತ್ತಾನೆ. ಆದ್ದರಿಂದ ಬೆಳಿಗ್ಗೆ ಎಂಟರಿಂದ ಸಂಜೆಯವರೆಗೆ ಸೀಟಿ ಊದುತ್ತಾ, ಬಸ್ಸಿನ ಬೆನ್ನಿಗೆ ಗುದ್ದುತ್ತಾ, ಡ್ರೈವರುಗಳ ಜೊತೆ ಜಗಳವಾಡುತ್ತಾ ನಿಂತೇ ಇರಬೇಕು. ಸಿಟ್ಟು ಮೂಗಿನ ತುದಿಯಲ್ಲಿ ಎಂದು ಸರಸ ಹೇಳುತ್ತಿದ್ದಳು. ಸರಸ ನನ್ನ ಹೆಂಡತಿ.

ನನಗೆ ಶುಗರ್ ಬಂದು ಹದಿನೈದು ವರ್ಷವಾಯಿತು. ಹೋದ ವರ್ಷ ಜೂನಿನಲ್ಲಿ ಬಂಟ್ವಾಳ ಪೇಟೆಯ ಕ್ಲಿನಿಕ್ಕಿನಲ್ಲಿ ಡಾಕ್ಟರು ನನ್ನನ್ನು ಮಲಗಿಸಿ, ಕಣ್ಣು ಮುಚ್ಚಿ ಎಂದರು. ಮೀನಿನ ಗಾಳದ ತಂಗೂಸಿಯಂಥ ಒಂದು ದಾರದಿಂದ ಅಂಗಾಲನ್ನು ಚುಚ್ಚುತ್ತಾರಂತೆ, ಗೊತ್ತಾದಾಗಲೆಲ್ಲ ಹೇಳಬೇಕಂತೆ. ನಾನು ಕಾದೆ. ಕಾದು ಕಾದು ತಲೆಕೆಟ್ಟು, "ಯಾವಾಗ ಶುರು ಮಾಡ್ತೀರಿ ಡಾಕ್ಟ್ರೇ?" ಎಂದೆ. "ಮುಗೀತು ಶೆಟ್ರೇ" ಎಂದರು.

ಅವತ್ತೇ ಅಲ್ಲಿಯ ನರ್ಸ್ ಸಜ್ನಾ ನನ್ನ ಮೊಬೈಲಿಗೆ ಕಾಲಿನ ಆಪ್ ಹಾಕಿದಳು. ಪಾಣೆಮಂಗಳೂರಿನ ಬ್ಯಾರಿಗಳ ಹುಡುಗಿ, ಚುರುಕು, ನನ್ನಷ್ಟೇ ಬಾಯಿ. "ದಿನಾ ಬೆಳಿಗ್ಗೆ ಆರೂವರೆಗೆ ಇದು ಕರೀತದೆ. ಎರಡು ಅಂಗಾಲನ್ನೂ ತೋರಿಸ್ಬೇಕು. ಗೆರೆ ಒಳಗೆ ಪಾದ ಸರಿಯಾಗಿ ಕೂತ್ರೆ ಅದೇ ಫೋಟೋ ತೆಗೀತದೆ. ಹಸುರು ಬಂದ್ರೆ ಸರಿ ಉಂಟು. ಹಳದಿ ಬಂದ್ರೆ ನಾನು ಫೋನ್ ಮಾಡ್ತೇನೆ. ಕೆಂಪು ಬಂದ್ರೆ ನೀವು ಎಲ್ಲಿದ್ರೂ ಓಡಿ ಬರ್ಬೇಕು," ಎಂದಳು. "ನಿಮ್ಗೆ ಕಾಲಿನ ನೋವು ಗೊತ್ತಾಗುದಿಲ್ಲ ಶೆಟ್ರೇ. ಮೊಳೆ ಹೊಕ್ಕಿದ್ರೂ ಗೊತ್ತಾಗುದಿಲ್ಲ. ಹಾಗಾಗಿ ಕಣ್ಣಲ್ಲೇ ನೋಡ್ಬೇಕು. ಇಲ್ಲದಿದ್ರೆ ಒಂದು ದಿನ ಕಾಲೇ ಹೋಗ್ತದೆ."

ಮಾರನೆಯ ಬೆಳಿಗ್ಗೆ ಆರೂವರೆಗೆ ಸರಿಯಾಗಿ ಮೊಬೈಲಿನಿಂದ ಒಬ್ಬಳು ಹೆಂಗಸು ಶಾಲೆಯ ಟೀಚರಿನ ಹಾಗೆ ಹೇಳಿದಳು: "ಶುಭೋದಯ. ದಯವಿಟ್ಟು ನಿಮ್ಮ ಪಾದಗಳನ್ನು ತೋರಿಸಿ."

ತೋರಿಸುವುದಂತೆ! ದೀಪದ ಕಡೆ ಕಾಲು ಚಾಚಿದ್ದಕ್ಕೆ ಅಜ್ಜಿಯಿಂದ ಬೆತ್ತದ ಪೆಟ್ಟು ತಿಂದವನು ನಾನು. ಒಬ್ಬರಿಗೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಜನ ನಾವು. ಅಂಥದ್ದರಲ್ಲಿ ಅಂಗಾಲನ್ನು ಒಬ್ಬಳು ಹುಡುಗಿಯ ಮುಖಕ್ಕೆ ಹಿಡಿಯಬೇಕೇ, ಅದೂ ಬೆಳಿಗ್ಗೆ ಎದ್ದ ಕೂಡಲೇ? ಹಿತ್ತಿಲ ಮೆಟ್ಟಿಲಿನಲ್ಲಿ ಕೂತು ಒಮ್ಮೆ ಪ್ರಯತ್ನಿಸಿದೆ. ಹೊಟ್ಟೆ ಅಡ್ಡ ಬಂತು. ಪರದೆಯಲ್ಲಿ ನನ್ನ ಒಡೆದ ಹಿಮ್ಮಡಿ ಕಂಡು ನನಗೇ ಅಸಹ್ಯವಾಯಿತು. "ಸರಸಾ, ನಿನ್ನದು ಹಿಡಿ ಮಾರಾಯ್ತಿ. ಅದಕ್ಕೆ ಬೇಕಾದ್ದು ಎರಡು ಕಾಲು. ಯಾರದ್ದಾದ್ರೆ ಎಂತ?" ಎಂದೆ.

ಅವಳು ನಕ್ಕಳು. ಆಮೇಲೆ ಕಾಲು ನೋಡಿಕೊಂಡು, "ಕಾಲುಂಗುರ ಕಾಣ್ತದಲ್ಲ?" ಎಂದಳು.

"ತೆಗ್ದು ಇಡು. ಎರಡು ನಿಮಿಷಕ್ಕೆ ಎಂತ ಆಗ್ತದೆ?"

"ಗಂಡ ಇರುವಾಗ ತೆಗೀಲಿಕ್ಕಿಲ್ಲ" ಎಂದಳು. ನಾನು ಕಣ್ಣು ದೊಡ್ಡದು ಮಾಡಿದೆ. ಅವಳು ಎರಡೂ ಕಾಲುಂಗುರಗಳನ್ನು ಬಿಚ್ಚಿ ಮೆಟ್ಟಿಲ ಪಕ್ಕದ ಕಿಟಕಿಯ ದಂಡೆಯಲ್ಲಿಟ್ಟಳು. ತುದಿಗಳು ಕೂಡದ, ಬೆರಳಿಗೆ ತಕ್ಕಂತೆ ಬಿಗಿಸುವ ಬೆಳ್ಳಿಯ ಕಾಲುಂಗುರ. ಮದುವೆಯ ದಿನ ನನ್ನ ಅಮ್ಮ ತೊಡಿಸಿದ್ದು. ಮೊಬೈಲನ್ನು ಚೊಂಬಿಗೆ ಒರಗಿಸಿ ಅವಳು ಕಾಲು ಚಾಚಿದಳು. ಕಟಕ್ ಎಂದಿತು. "ಧನ್ಯವಾದ. ಎಲ್ಲ ಸರಿಯಾಗಿದೆ," ಎಂದಳು ಆ ಟೀಚರು. ಹಸುರು ಬಂತು.

ಹಾಗೆ ಏಳು ತಿಂಗಳು. ಪ್ರತಿದಿನ ಆರೂವರೆಗೆ ಸರಸ ಕಾಲುಂಗುರ ಬಿಚ್ಚುವುದು, ನನ್ನ ಹೆಸರಿನಲ್ಲಿ ಅವಳ ಪಾದ ಹೋಗುವುದು, ಹಸುರು ಬರುವುದು. ಅವಳ ಎಡ ಅಂಗಾಲಿನಲ್ಲಿ ತರಕಾರಿ ಹೆಚ್ಚುವ ಮೆಟ್ಟುಕತ್ತಿ ತಾಗಿದ ಹಳೆಯ ಗಾಯದ ಗುರುತಿತ್ತು, ಅರ್ಧ ಇಂಚಿನ ಬಿಳಿ ಗೆರೆ. ಅದನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಈ ಜನವರಿ ಹನ್ನೊಂದರ ಬೆಳಿಗ್ಗೆಯೂ ಹಸುರು ಬಂತು. ನಾನು ಬಚ್ಚಲಿನ ಕನ್ನಡಿಯೆದುರು ಗಡ್ಡ ಹೆರೆಯುತ್ತಿದ್ದೆ. "ಯಾಕೋ ಎದೆ ಹಿಡಿದ ಹಾಗೆ ಆಗ್ತದೆ ಇವತ್ತು" ಎಂದು ಮೆಟ್ಟಿಲಿನಿಂದ ಹೇಳಿದಳು. "ಗ್ಯಾಸ್ ಇರ್ಬೇಕು. ಜೀರಿಗೆ ನೀರು ಕುಡಿ" ಎಂದೆ, ತಿರುಗಿಯೂ ನೋಡಲಿಲ್ಲ. ಅದು ನಾನು ಅವಳಿಗೆ ಹೇಳಿದ ಕೊನೆಯ ಮಾತು. ಏನೋ ಬಿದ್ದ ಸದ್ದಾಗಿ ಹೊರಗೆ ಬಂದರೆ ಅವಳು ಕಿಟಕಿಯ ದಂಡೆಗೆ ಕೈ ಚಾಚಿದ ಹಾಗೇ ವಾಲಿದ್ದಳು. ರಿಕ್ಷಾ ಆಸ್ಪತ್ರೆ ಮುಟ್ಟುವಾಗ ಎಲ್ಲ ಮುಗಿದಿತ್ತು.

ಹೆಂಗಸರು ಅವಳನ್ನು ಮೀಯಿಸಿ ಸೀರೆ ಉಡಿಸುವಾಗ ಗಲಾಟೆಯಾಯಿತು. ಕಾಲುಂಗುರ ಎಲ್ಲಿ? ಮುತ್ತೈದೆ ಬರಿಗಾಲಿನಲ್ಲಿ ಹೋಗುವುದುಂಟೇ? ಒಂದು ಅವಳ ಮುಷ್ಟಿಯೊಳಗೇ ಇತ್ತು. ಇನ್ನೊಂದನ್ನು ಮೆಟ್ಟಿಲು, ತುಳಸಿಕಟ್ಟೆ, ಚರಂಡಿ ಎಲ್ಲ ಹುಡುಕಿದರು, ಸಿಗಲಿಲ್ಲ. "ಅಮ್ಮ ಯಾಕೆ ಬಿಚ್ಚಿದ್ದು ಅಪ್ಪಾ?" ಎಂದು ಮಗಳು ಜ್ಯೋತ್ಸ್ನಾ ಕೇಳಿದಳು. ಅವಳು ಮೂಡುಬಿದಿರೆಯಲ್ಲಿ ಶಾಲೆಯ ಟೀಚರು, ಗಂಡನ ಮನೆಯೂ ಅಲ್ಲೇ. ಯಾವ ಬಾಯಲ್ಲಿ ಹೇಳುವುದು? ಎಡಗಾಲಿಗೆ ಒಂದೇ ಕಾಲುಂಗುರ ತೊಡಿಸಿ, ಎರಡು ಹೆಬ್ಬೆರಳನ್ನೂ ಬಿಳಿ ನೂಲಿನಿಂದ ಸೇರಿಸಿ ಕಟ್ಟಿ ಅವಳನ್ನು ಕಳಿಸಿದೆವು.

ಹದಿಮೂರನೆಯ ದಿನದ ಉತ್ತರಕ್ರಿಯೆಯ ಬೊಜ್ಜ ಮುಗಿಯುವವರೆಗೆ ಮನೆ ತುಂಬ ಜನ. ಬೆಳಿಗ್ಗೆ ಮೊಬೈಲಿನ ಆ ಟೀಚರಿನ ಧ್ವನಿ ಎಲ್ಲೋ ಕೇಳುತ್ತಿತ್ತು, ಯಾರಾದರೂ ಬಂದ್ ಮಾಡುತ್ತಾರೆಂದು ನಾನು ಗಮನಿಸಲಿಲ್ಲ. ಹದಿನಾಲ್ಕನೆಯ ದಿನ ಶೂ ಹಾಕಿ ಬಸ್‌ಸ್ಟ್ಯಾಂಡಿಗೆ ಹೋದೆ. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತಿತ್ತು. ಹನ್ನೊಂದು ಗಂಟೆಗೆ ಸಜ್ನಾ ಫೋನ್ ಮಾಡಿದಳು. ಸಮಾಧಾನದ ನಾಲ್ಕು ಮಾತು ಹೇಳಿ, "ಇಂಥ ದಿನಗಳಲ್ಲೂ ನೀವು ಒಂದು ದಿನ ಬಿಡ್ಲಿಲ್ಲ ಶೆಟ್ರೇ. ಬೇರೆ ಯಾರೂ ಹೀಗೆ ಕಳಿಸುದಿಲ್ಲ," ಎಂದಳು.

"ಎಂತದ್ದು ಬಿಡ್ಲಿಲ್ಲ?"

"ಕಾಲಿನ ಫೋಟೋ."

ಅಲ್ಲೇ ಕಟ್ಟೆಯ ಮೇಲೆ ಕೂತು ಆಪ್ ತೆರೆದೆ. ಜನವರಿಯ ಪಟ್ಟಿ. ಹನ್ನೊಂದು, ಹಸುರು. ಹನ್ನೆರಡು, ಹಸುರು. ಹದಿಮೂರು, ಹಸುರು. ಇವತ್ತಿನವರೆಗೆ ಒಂದೂ ಖಾಲಿ ಇಲ್ಲ. ಹಳೆಯ ಫೋಟೋವನ್ನೇ ಮೊಬೈಲು ತಿರುಗಿ ತಿರುಗಿ ಕಳಿಸುತ್ತಿರಬೇಕು ಎಂದುಕೊಂಡು ಹನ್ನೆರಡನೆಯ ತಾರೀಕಿನದ್ದನ್ನು ಒತ್ತಿದೆ.

ಅದೇ ಮೆಟ್ಟಿಲು, ಅದೇ ಕೆಂಪು ಸಿಮೆಂಟಿನ ನೆಲ, ಅದೇ ಬೆಳಗಿನ ಬೆಳಕು. ಎಡ ಅಂಗಾಲಿನಲ್ಲಿ ಮೆಟ್ಟುಕತ್ತಿಯ ಗುರುತು. ಎಡಗಾಲಿನಲ್ಲಿ ಮಾತ್ರ ಕಾಲುಂಗುರ. ಎರಡು ಹೆಬ್ಬೆರಳನ್ನು ಸೇರಿಸಿ ಕಟ್ಟಿದ ಬಿಳಿ ನೂಲು.

ಬೆಳ್ತಂಗಡಿಯ ಬಸ್ಸು ಐದು ನಿಮಿಷ ಹೆಚ್ಚು ನಿಂತಿತ್ತು. ಹಿಂದಿನ ಬಸ್ಸಿನವನು ಹಾರ್ನ್ ಹೊಡೆಯುತ್ತಲೇ ಇದ್ದ. ನನಗೆ ಸೀಟಿ ಊದಲು ಉಸಿರೇ ಬರಲಿಲ್ಲ.

ಮಗಳಿಗೆ ಫೋನ್ ಮಾಡಿ, "ಅಮ್ಮನ ಹೆಣದ ಫೋಟೋ ತೆಗೆದದ್ದು ನೀನಾ?" ಎಂದು ಕೇಳಿದೆ. ಅವಳು ಅತ್ತಳು. ಅತ್ತು ಮುಗಿದ ಮೇಲೆ, "ನಿಮ್ಗೆ ಹಾಗೆ ಕೇಳ್ಲಿಕ್ಕೆ ಮನಸ್ಸಾದ್ರೂ ಹೇಗೆ ಬಂತು ಅಪ್ಪಾ?" ಎಂದು ಫೋನಿಟ್ಟಳು. ತಪ್ಪು ನನ್ನದೇ.

ಅವತ್ತು ಮಲಗುವ ಮೊದಲು ಮೊಬೈಲನ್ನು ಕಬ್ಬಿಣದ ಕಪಾಟಿನಲ್ಲಿ ಸೀರೆಗಳ ಅಡಿಯಲ್ಲಿಟ್ಟು ಬೀಗ ಹಾಕಿದೆ. ಬೀಗದ ಕೈ ಸೊಂಟದಲ್ಲಿ. ಬೆಳಿಗ್ಗೆ ಕಪಾಟಿನೆದುರು ಕುರ್ಚಿ ಹಾಕಿ ಕೂತೆ. ಆರೂವರೆಗೆ ಒಳಗಿನಿಂದ, "ಶುಭೋದಯ. ದಯವಿಟ್ಟು ನಿಮ್ಮ ಪಾದಗಳನ್ನು ತೋರಿಸಿ" ಎಂದಿತು. ಹಿತ್ತಿಲ ಮೆಟ್ಟಿಲಿನ ಹತ್ತಿರ ಯಾರೋ ಸೀರೆ ಸರಿಪಡಿಸಿಕೊಂಡು ಕೂತ ಹಾಗೆ ಸಣ್ಣ ಸರಬರ. ಕಪಾಟಿನೊಳಗೆ ಕಟಕ್. "ಧನ್ಯವಾದ. ಎಲ್ಲ ಸರಿಯಾಗಿದೆ."

ಬೀಗ ತೆಗೆದು ನೋಡಿದರೆ ಕತ್ತಲೆಯ ಕಪಾಟಿನಲ್ಲಿದ್ದ ಮೊಬೈಲಿನಲ್ಲಿ ಬೆಳಗಿನ ಬೆಳಕು ಬಿದ್ದ ಮೆಟ್ಟಿಲಿತ್ತು, ಸರಸಳ ಕಾಲಿತ್ತು. ಹೆದರಿಕೆಯಾಯಿತೇ ಎಂದು ಕೇಳಿದರೆ, ಆಯಿತು. ಆದರೆ ಒಂದು ಮಾತು ಹೇಳುತ್ತೇನೆ, ಬೆರಳಿನಿಂದ ಆ ಫೋಟೋವನ್ನು ದೊಡ್ಡದು ಮಾಡಿ ಆ ಬಿಳಿ ಗೆರೆಯನ್ನು ಮುಟ್ಟಿದೆ. ಅಷ್ಟು ಆಸೆಯೂ ಆಯಿತು.

ಅದಾಗಿ ಮೂರನೆಯ ದಿನ ಬಲ ಅಂಗಾಲಿನಲ್ಲಿ, ಹೆಬ್ಬೆರಳಿನ ಬುಡದಲ್ಲಿ, ಒಂದು ಕಪ್ಪು ಚುಕ್ಕೆ ಕಂಡಿತು. ಸಾಸಿವೆಯಷ್ಟು. ಮಾರನೆಯ ದಿನ ಹೆಸರುಕಾಳಿನಷ್ಟು. ವಾರ ಕಳೆಯುವಾಗ ಸುತ್ತ ಕೆಂಪು ಹರಡಿ ಮಧ್ಯದಲ್ಲಿ ಬಾಯಿ ಬಿಟ್ಟಿತ್ತು. "ಗಮನವಿಡಿ. ಬಲಪಾದದಲ್ಲಿ ಬದಲಾವಣೆ ಕಂಡಿದೆ" ಎಂದಿತು ಆಪ್. ಹಳದಿ. ಸಜ್ನಾ ಮೂರು ಸಲ ಫೋನ್ ಮಾಡಿದಳು. ನಾನು ಎತ್ತಲಿಲ್ಲ. ಎತ್ತಿ ಎಂತ ಹೇಳುವುದು? ಸತ್ತವಳ ಕಾಲಿಗೆ ಗಾಯವಾಗಿದೆ, ಮದ್ದು ಕೊಡಿ ಎನ್ನುವುದೇ?

ನೀವು ಈಗ ನಗಬಹುದು, ಅಥವಾ ಬೈಯಬಹುದು. ನನ್ನ ಹೆಸರಿನಲ್ಲಿ ಬರುವ ಗಾಯ ನನ್ನದಿರಬಹುದು ಎಂದು ನನಗೆ ಒಮ್ಮೆಯೂ ಹೊಳೆಯಲಿಲ್ಲ. ನನಗೆ ಕಂಡದ್ದು ಸರಸ. ಒಂದು ಕಾಲುಂಗುರ ಇಲ್ಲದೆ, ಕಟ್ಟಿದ ಹೆಬ್ಬೆರಳಿನಲ್ಲಿ, ಬರಿಗಾಲಿನಲ್ಲಿ ಅವಳು ಎಲ್ಲಿಯೋ ನಡೆಯುತ್ತಿದ್ದಾಳೆ, ದಾರಿಯಲ್ಲಿ ಕಲ್ಲುಮುಳ್ಳು ಚುಚ್ಚುತ್ತಿದೆ ಎಂದುಕೊಂಡೆ. ಮನಸ್ಸು ಕಿತ್ತು ಬರುತ್ತಿತ್ತು. ದಿನವಿಡೀ ಶೂ ಹಾಕಿ ಸ್ಟ್ಯಾಂಡಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಾ ಅವಳ ಕಾಲಿನ ಬಗ್ಗೆಯೇ ಯೋಚಿಸುತ್ತಿದ್ದೆ.

ಆಗಲೇ ವಾಸನೆ ಶುರುವಾದದ್ದು. ಮೊದಲು ಮನೆಯಲ್ಲಿ. ಇಲಿ ಸತ್ತಿರಬೇಕೆಂದು ಅಟ್ಟ ಹತ್ತಿ ನೋಡಿದೆ, ಕಪಾಟು ಸರಿಸಿದೆ, ಏನೂ ಇಲ್ಲ. ಮೆಟ್ಟಿಲಿನ ಹತ್ತಿರ ಹೆಚ್ಚು. ಆಮೇಲೆ ಬಸ್‌ಸ್ಟ್ಯಾಂಡಿಗೂ ಬಂತು. ನಾನು ನಿಂತಲ್ಲಿ ಜನ ಮೂಗು ಮುಚ್ಚಿ ಆಚೆ ಸರಿಯುತ್ತಿದ್ದರು. "ಶೆಟ್ರೇ, ಇಲ್ಲಿ ಎಂತದೋ ಕೊಳೀತಾ ಉಂಟು ಮಾರಾಯ್ರೇ" ಎಂದ ಒಬ್ಬ ಕಂಡಕ್ಟರ್. "ನಿನ್ನ ಬಸ್ಸು ಕೊಳೀತಾ ಉಂಟು, ಮೊದ್ಲು ಅದನ್ನು ತೊಳಿ!" ಎಂದೆ. ಬೈದೆ, ಆದರೆ ಒಳಗೆ ಹೆದರಿಕೆ. ಅವಳು ನನ್ನ ಬೆನ್ನ ಹಿಂದೆಯೇ ಬರುತ್ತಿದ್ದಾಳೆ, ಅವಳ ಗಾಯ ಕೊಳೆಯುತ್ತಿದೆ ಎಂದು ನಂಬಿಬಿಟ್ಟೆ.

ನಮ್ಮಲ್ಲಿ ಸತ್ತವರಿಗೆ ಅಗೆಲು ಬಡಿಸುವ ಕ್ರಮ ಉಂಟು. ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಕೋಣೆಯೊಳಗೆ ಎಲೆಯಲ್ಲಿ ಬಡಿಸಿ, ದೀಪ ಇಟ್ಟು ಬಾಗಿಲು ಹಾಕಿ ಹೊರಗೆ ಕಾಯುವುದು. ಅವರು ಬಂದು ಉಣ್ಣುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತಟ್ಟಿ, ಅವರಿಗೆ ಏಳಲು ಸಮಯ ಕೊಟ್ಟು ತೆರೆಯುವುದು. ಒಂದು ಆದಿತ್ಯವಾರ ಸಂಜೆ ನಾನು ಅದನ್ನೇ ಮಾಡಿದೆ. ಯಾರಿಗೂ ಹೇಳಲಿಲ್ಲ. ಅನ್ನ, ನೀರುದೋಸೆ, ಕೋಳಿ ಸಾರು, ಬಂಗುಡೆ ಹುರಿದದ್ದು. ನನ್ನ ಅಡುಗೆಗೆ ಉಪ್ಪು ಹೆಚ್ಚಾಗಿತ್ತು, ಕ್ಷಮಿಸು ಎಂದೆ. ಪೇಟೆಯಿಂದ ಆರು ನಂಬ್ರದ ಹೊಸ ಮೆತ್ತಗಿನ ಚಪ್ಪಲಿ ತಂದು ಎಲೆಯ ಪಕ್ಕದಲ್ಲಿಟ್ಟೆ. "ಹಾಕ್ಕೊಂಡು ಹೋಗು ಸರಸಾ. ಬರಿಗಾಲಿನಲ್ಲಿ ನಡೀಬೇಡ. ಇನ್ನೊಂದು ಕಾಲುಂಗುರ ನನ್ಗೆ ಸಿಗ್ಲಿಲ್ಲ. ನನ್ನ ಸುಳ್ಳಿಗಾಗಿ ನಿನ್ನ ಕಾಲು ಬೋಳಾಯ್ತು," ಎಂದು ಅತ್ತು ಬಾಗಿಲು ಹಾಕಿದೆ.

ಹದಿನೈದು ನಿಮಿಷ ಗಡಿಯಾರ ನೋಡಿ ಕಾದೆ. ಒಳಗೆ ಒಮ್ಮೆ ಏನೋ ಎಳೆದ ಸದ್ದು. ಮೂರು ಸಲ ತಟ್ಟಿದೆ. ತೆರೆದೆ.

ಎಲೆ ಹಾಗೇ ಇತ್ತು, ಒಂದು ಅಗುಳೂ ಅಲುಗಿರಲಿಲ್ಲ. ಹೊಸ ಚಪ್ಪಲಿಯನ್ನು ಯಾರೋ ಗೋಡೆಯ ಮೂಲೆಗೆ ತಳ್ಳಿದ್ದರು. ಚಪ್ಪಲಿ ಇದ್ದ ಜಾಗದಲ್ಲಿ ನನ್ನ ಬಲಗಾಲಿನ ಕಪ್ಪು ಶೂ ಇತ್ತು. ಹಿತ್ತಿಲ ಕಿಟಕಿಯ ಕೆಳಗೆ ಇರಬೇಕಾದದ್ದು. ಬಾಯಿ ಕೆಳಗಾಗಿ, ಅಡಿ ಮೇಲಾಗಿ.

ನನಗೆ ಮೈಯೆಲ್ಲ ಮುಳ್ಳೆದ್ದಿತು. ಆದರೆ ನನ್ನ ಹಣೆಬರಹ ನೋಡಿ, ಹೆದರಿಕೆಯ ಹಿಂದೆಯೇ ಸಿಟ್ಟು ಬಂತು. ಅನ್ನದ ಎಲೆಯ ಹತ್ತಿರ ಶೂ! "ಎಂತ ಬೇಕು ನಿನಗೆ? ಬಾಯಿ ಬಿಟ್ಟು ಹೇಳು!" ಎಂದು ಖಾಲಿ ಕೋಣೆಯಲ್ಲಿ ಬೊಬ್ಬೆ ಹಾಕಿದೆ. ಬೆಕ್ಕು ಎಳೆದು ತಂದಿರಬೇಕು ಎಂದೆ, ಬಾಗಿಲು ಹಾಕಿತ್ತೆಂಬುದನ್ನು ಮರೆತೆ. ಶೂವನ್ನು ಎತ್ತಿ ಕಿಟಕಿಯ ಕೆಳಗೆ ತಿರುಗಿ ಇಟ್ಟೆ. ಮಾರನೆಯ ಬೆಳಿಗ್ಗೆ ಅದನ್ನೇ ಹಾಕಿಕೊಂಡೆ.

ಅವತ್ತು ಆರೂವರೆಗೆ ಆಪ್ ಧನ್ಯವಾದ ಹೇಳಲಿಲ್ಲ. "ಅಪಾಯ. ಕೂಡಲೇ ವೈದ್ಯರನ್ನು ಕಾಣಿರಿ" ಎಂದು ನಿಲ್ಲಿಸದೆ ಹೇಳುತ್ತಿತ್ತು. ಪರದೆಯೆಲ್ಲ ಕೆಂಪು. ಫೋಟೋದಲ್ಲಿ ಹೆಬ್ಬೆರಳು ನೀಲಿಯಾಗಿತ್ತು. ನಾನು ಮೊಬೈಲನ್ನು ದಿಂಬಿನಡಿ ತುರುಕಿ ಕೆಲಸಕ್ಕೆ ಹೋದೆ.

ಹತ್ತು ಗಂಟೆಗೆ ಸಜ್ನಾಳ ಸ್ಕೂಟರು ಸೀದಾ ಬಸ್‌ಸ್ಟ್ಯಾಂಡಿನೊಳಗೆ ಬಂತು. ನನ್ನ ಎದುರು ನಿಲ್ಲಿಸಿ, ಹೆಲ್ಮೆಟ್ಟೂ ತೆಗೆಯದೆ, "ಶೂ ತೆಗೀರಿ ಶೆಟ್ರೇ" ಎಂದಳು.

"ಇಲ್ಲಿ? ತಲೆ ಸರಿ ಉಂಟಾ ನಿಂಗೆ?"

"ಸರಿ ಉಂಟು. ತೆಗೀರಿ."

"ಅದು ನನ್ನ ಕಾಲಲ್ಲ!" ಎಂದು ಕಿರುಚಿದೆ. ನಾಲ್ಕು ಡ್ರೈವರುಗಳು ತಿರುಗಿ ನೋಡಿದರು. ಧ್ವನಿ ತಗ್ಗಿಸಿ ಎಲ್ಲವನ್ನೂ ಕಕ್ಕಿದೆ. "ಮೊದಲಿನಿಂದ್ಲೂ ಅದು ನನ್ನ ಕಾಲಲ್ಲ ಸಜ್ನಾ. ಸರಸಳದ್ದು. ನಾನು ಮೋಸ ಮಾಡಿದ್ದು. ಈಗ ಬರುದೂ ಅವಳದ್ದೇ. ಗಾಯ ಅವಳಿಗೆ ಆದದ್ದು."

ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. "ಅದು ಹೆಂಗಸಿನ ಕಾಲು ಅಂತ ನನ್ಗೆ ಎರಡನೇ ವಾರಕ್ಕೇ ಗೊತ್ತಾಗಿದೆ" ಎಂದಳು. "ನಿಮ್ಗೆ ಬೈಲಿಕ್ಕೆ ಫೋನ್ ಮಾಡಿದ್ದೆ. ಸರಸಕ್ಕ ಎತ್ತಿದ್ರು. 'ಅವ್ರಿಗೆ ನಾಚಿಕೆ ಸಜ್ನಾ, ಬೈಬೇಡ. ಅವ್ರು ಮಲಗಿದ ಮೇಲೆ ನಾನು ದಿನಾ ಟಾರ್ಚ್ ಹಿಡಿದು ಎರಡು ಅಂಗಾಲನ್ನೂ ನೋಡ್ತೇನೆ, ಬೆರಳಿನ ಸಂದಿಯನ್ನೂ ನೋಡ್ತೇನೆ. ಏನಾದ್ರೂ ಕಂಡ್ರೆ ನಿಂಗೆ ಹೇಳ್ತೇನೆ' ಅಂದ್ರು. ದಿನಾ ನನ್ಗೆ ಮೆಸೇಜ್ ಹಾಕ್ತಿದ್ರು. ಅದನ್ನು ನಂಬಿದ್ದು ನನ್ನ ತಪ್ಪು. ಅಕ್ಕ ಹೋದ ಮೇಲೆ ಹಸುರು ಬಂದದ್ದನ್ನು ನಾನು ತೆರೆದು ನೋಡ್ಲಿಲ್ಲ, ಮಗಳ ಕಾಲು ಕಳಿಸ್ತಿದ್ದೀರಿ ಅಂದುಕೊಂಡೆ."

ಏಳು ತಿಂಗಳು ಸರಸ ನನ್ನ ಕಾಲಬುಡದಲ್ಲಿ ಕೂತು ಟಾರ್ಚ್ ಹಿಡಿದದ್ದು ನನಗೆ ತಿಳಿದಿರಲಿಲ್ಲ. ತಿಳಿಯುವುದು ಹೇಗೆ? ಮುಟ್ಟಿದರೆ ಗೊತ್ತಾಗುವ ಕಾಲೇ ಅಲ್ಲವಲ್ಲ ಅದು.

"ಯಾರ ಕಾಲೋ ನನ್ಗೆ ಗೊತ್ತಿಲ್ಲ. ಹೆಸ್ರು ನಿಮ್ಮದು. ಹೆಸ್ರು ಯಾರದ್ದೋ ಅವ್ರ ಕಾಲು ನಾನು ನೋಡ್ಬೇಕು" ಎಂದು ಅವಳು ನೆಲದಲ್ಲೇ ಕೂತಳು. ನನ್ನ ಬಲಗಾಲನ್ನು ಎತ್ತಿ ತನ್ನ ಮಡಿಲಿಗೆ ಇಟ್ಟುಕೊಂಡು ಲೇಸ್ ಬಿಚ್ಚಿದಳು. ನಾನು ತಡೆಯಲಿಲ್ಲ.

ಶೂ ಕಳಚಿದ ಕೂಡಲೇ ವಾಸನೆ ಎದ್ದಿತು. ಅದೇ ವಾಸನೆ. ಇಲಿಯದ್ದಲ್ಲ, ಸರಸಳದ್ದಲ್ಲ. ಸುತ್ತ ನಿಂತವರು ಹಿಂದಕ್ಕೆ ಹೋದರು. ಕಪ್ಪು ಸಾಕ್ಸು ಅಂಗಾಲಿಗೆ ಅಂಟಿಕೊಂಡಿತ್ತು. ಅವಳು ನೀರು ಹಾಕಿ ಮೆಲ್ಲಗೆ ಸುಲಿದು, ತನ್ನ ಮೊಬೈಲನ್ನು ನನ್ನ ಕಾಲಿನ ಪಕ್ಕ ಹಿಡಿದಳು. ಹೆಬ್ಬೆರಳಿನ ಬುಡದಲ್ಲಿ ಅದೇ ಬಾಯಿ ಬಿಟ್ಟ ಗಾಯ, ಅದೇ ಅಳತೆ, ಅದೇ ನೀಲಿ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಆಮೇಲೆ ಶೂವನ್ನು ತಲೆಕೆಳಗು ಮಾಡಿ ಕುಟ್ಟಿದಳು, ಎಲೆಯೆದುರು ಅದು ಹೇಗಿತ್ತೋ ಹಾಗೆ. ಏನೂ ಬೀಳಲಿಲ್ಲ. ಒಳಗೆ ಕೈ ಹಾಕಿ ಹರಿದ ಅಟ್ಟೆಯ ಮಡಿಕೆಯಿಂದ ಏನನ್ನೋ ಕಿತ್ತು ತೆಗೆದು ಅಂಗೈಯಲ್ಲಿ ಹಿಡಿದಳು. ರಕ್ತ ಒಣಗಿ ಕಪ್ಪಾಗಿತ್ತು. ತುದಿಗಳು ಕೂಡದ ಬೆಳ್ಳಿಯ ಉಂಗುರ. ಆ ಎರಡು ತುದಿಗಳು ಮೇಲ್ಮುಖವಾಗಿ ನಿಂತು ಇಪ್ಪತ್ತೈದು ದಿನ ನನ್ನ ಕಾಲನ್ನು ತಿಂದಿದ್ದವು.

ಸರಸ ವಾಲಿದಾಗ ಕಿಟಕಿಯ ದಂಡೆಯಿಂದ ಉರುಳಿ ಕೆಳಗಿದ್ದ ಶೂವಿನೊಳಗೆ ಬಿದ್ದದ್ದು. ಊರೆಲ್ಲ ಹುಡುಕಿದ ಕಾಲುಂಗುರವನ್ನು ನಾನು ದಿನಾ ತುಳಿದುಕೊಂಡು ತಿರುಗುತ್ತಿದ್ದೆ. ಬಸ್‌ಸ್ಟ್ಯಾಂಡಿನ ನಡುವೆ, ಎಲ್ಲ ಡ್ರೈವರುಗಳ ಎದುರು, ನಾನು ಮಗುವಿನ ಹಾಗೆ ಅತ್ತೆ. ಅವತ್ತು ಯಾವ ಬಸ್ಸೂ ಸಮಯಕ್ಕೆ ಬಿಡಲಿಲ್ಲ ಎಂದು ಆಮೇಲೆ ಹೇಳಿದರು.

ಮಂಗಳೂರಿನ ಆಸ್ಪತ್ರೆಯಲ್ಲಿ ಹೆಬ್ಬೆರಳು ತೆಗೆದರು. "ಇನ್ನು ನಾಲ್ಕು ದಿನ ಆಗಿದ್ರೆ ಮೊಣಕಾಲಿನವರೆಗೆ ಹೋಗ್ತಿತ್ತು" ಎಂದರು ಅಲ್ಲಿಯ ಡಾಕ್ಟರು. ಜ್ಯೋತ್ಸ್ನಾ ರಜೆ ಹಾಕಿ ಬಂದು ಜೊತೆಗೆ ಕೂತಳು. ಅವಳಿಗೆ ಎಲ್ಲವನ್ನೂ ಹೇಳಿದೆ, ಕಾಲುಂಗುರ ಯಾಕೆ ಬಿಚ್ಚಿದ್ದೆಂಬುದನ್ನೂ. ಕೇಳಿ ಮುಗಿದ ಮೇಲೆ ಅವಳು ನನ್ನ ಇನ್ನೊಂದು ಕಾಲನ್ನು ಬೆಳಕಿಗೆ ತಿರುಗಿಸಿ ನೋಡಿದಳು.

ಗಾಯದ ಬಟ್ಟೆ ಬಿಚ್ಚಿದ ಮೊದಲ ಬೆಳಿಗ್ಗೆ ಆರೂವರೆಗೆ ನಾನೇ ಮೊಬೈಲು ಕೇಳಿದೆ. ಮಂಚದ ತುದಿಗೆ ಒರಗಿಸಿ ಎರಡು ಅಂಗಾಲನ್ನೂ ತೋರಿಸಿದೆ, ಒಂಬತ್ತೇ ಬೆರಳಿನವು. ಕಟಕ್ ಎಂದಿತು, ಹಸುರು ಬರಲಿಲ್ಲ. ಮತ್ತೆ ಮೊಬೈಲಿನ ಆ ಟೀಚರು ಕೇಳಿದಳು: "ಈ ಪಾದಗಳು ಹಿಂದಿನ ಪಾದಗಳಿಗೆ ಹೊಂದುತ್ತಿಲ್ಲ. ಇವು ಯಾರ ಪಾದಗಳು?"

"ನನ್ನದೇ ಮಾರಾಯ್ತಿ. ಇದು ನನ್ನದೇ" ಎಂದೆ.

ಮನೆಗೆ ಬಂದ ಮೇಲೆ ಮಗಳನ್ನು ಕರೆದುಕೊಂಡು ನೇತ್ರಾವತಿಗೆ ಹೋಗಿ, ಸರಸಳ ಬೂದಿ ಬಿಟ್ಟಲ್ಲೇ ಆ ಕಾಲುಂಗುರವನ್ನೂ ಬಿಟ್ಟೆ. ಅಂದಿನಿಂದ ದಿನಾ ನನ್ನ ಕಾಲೇ ಹೋಗುತ್ತಿದೆ. ಹಸುರು ಬರುತ್ತಿದೆ. ಈಗ ಸ್ಟ್ಯಾಂಡಿನಲ್ಲಿ ಕುರ್ಚಿ ಹಾಕಿ ಕೂತು ಸೀಟಿ ಊದುತ್ತೇನೆ.

ಆದರೆ ಹೋದ ಶುಕ್ರವಾರ ಬೇಕೆಂದೇ ಕಾಲು ತೋರಿಸಲಿಲ್ಲ. ಆರೂವರೆಗೆ ಅದು ಕರೆಯಿತು. ನಾನು ಮೊಬೈಲನ್ನು ಮೆಟ್ಟಿಲಿನಲ್ಲಿ ಚೊಂಬಿಗೆ ಒರಗಿಸಿ ದೂರ ಹೋಗಿ ಕೂತೆ. ಬಿಸಿಲು ಮೆಟ್ಟಿಲಿಗೆ ಬಂತು. ಕಿವಿ ಕೊಟ್ಟೆ, ಸೀರೆಯ ಸರಬರ ಇಲ್ಲ. ಏಳಾಯಿತು. ಏಳೂವರೆಯಾಯಿತು. ಮೂವತ್ತೊಂದು ವರ್ಷದಲ್ಲಿ ಯಾವ ಬಸ್ಸಿಗೂ ಎರಡು ನಿಮಿಷಕ್ಕಿಂತ ಹೆಚ್ಚು ಕಾಯದವನು ಅವತ್ತು ಒಂಬತ್ತು ಗಂಟೆಯವರೆಗೆ ಕಾದೆ.

ಒಂಬತ್ತು ಹೊಡೆದ ಮೇಲೆ ಸಜ್ನಾ ಫೋನ್ ಮಾಡಿದಳು. "ಶೆಟ್ರೇ, ಇವತ್ತಿನದ್ದು ಬರ್ಲಿಲ್ಲ."

"ಇನ್ನು ಬರುದಿಲ್ಲ ಸಜ್ನಾ" ಎಂದೆ.

"ಎಂತದ್ದು ಬರುದಿಲ್ಲ? ಮತ್ತೆ ಶುರು ಮಾಡಿದ್ರಾ ನೀವು?"

"ಇಲ್ಲ ಮಾರಾಯ್ತಿ, ಬೈಬೇಡ. ಈಗ ಕಳಿಸ್ತೇನೆ" ಎಂದು ಕಣ್ಣು ಒರೆಸಿ, ಸರಸ ಕೂರುತ್ತಿದ್ದ ಜಾಗದಲ್ಲಿ ಕೂತು ಕಾಲು ಚಾಚಿದೆ.